ಎಲ್‌ಪಿ ಪ್ಲೇಯರಿಗೆ ಫೋನೋ ಪ್ರಿಆಂಪ್: ಕಿಟ್ ತಂದು ನೀವೇ ಜೋಡಿಸುವ ಬಗೆ

ಟರ್ನ್‌ಟೇಬಲ್ಲಿನ ತಂತಿಯನ್ನು ನೇರವಾಗಿ ಆಂಪ್ಲಿಫೈಯರಿನ ಆಕ್ಸ್ ಸಾಕೆಟ್ಟಿಗೆ ಚುಚ್ಚಿದರೆ ಹಾಡು ಪಕ್ಕದ ಮನೆಯಲ್ಲಿ ನಡೆಯುತ್ತಿರುವ ಹಾಗೆ ಕೇಳುತ್ತದೆ. ವಾಲ್ಯೂಮನ್ನು ಕೊನೆಯವರೆಗೆ ತಿರುಗಿಸಿದರೂ ಸದ್ದು ಸಣ್ಣದು, ಬಾಸ್ ಇಲ್ಲವೇ ಇಲ್ಲ, ಚುರ್ರೆನ್ನುವ ಟ್ರೆಬಲ್ ಮಾತ್ರ. ಪ್ಲೇಯರು ಕೆಟ್ಟಿಲ್ಲ. ನಡುವೆ ಇರಬೇಕಾದ ಫೋನೋ ಪ್ರಿಆಂಪ್ ಇಲ್ಲ, ಅಷ್ಟೆ.

ಈ ಪ್ರಿಆಂಪಿಗೆ ಎರಡು ಕೆಲಸ. ಮೊದಲನೆಯದು ಸಿಗ್ನಲನ್ನು ಎತ್ತುವುದು. ಮುಳ್ಳು ಕೂತಿರುವ ಪುಟ್ಟ ಭಾಗವೇ ಕಾರ್ಟ್ರಿಡ್ಜು; ಮೂವಿಂಗ್ ಮ್ಯಾಗ್ನೆಟ್ (ಎಂಎಂ) ಬಗೆಯದು ಕೊಡುವುದು 3ರಿಂದ 6 ಮಿಲಿವೋಲ್ಟ್. ಆಡಿಯೋ ಟೆಕ್ನಿಕಾದ ವಿಎಂ95ಇ 4 ಮಿಲಿವೋಲ್ಟ್, ಆರ್ಟೋಫಾನ್ 2ಎಂ ರೆಡ್ 5.5 ಮಿಲಿವೋಲ್ಟ್. ಆಂಪ್ಲಿಫೈಯರಿಗೆ ಬೇಕಾದದ್ದು ಅರ್ಧ ವೋಲ್ಟಿನ ಆಸುಪಾಸು. ಎರಡನೆಯದು ತಟ್ಟೆ ಕೊರೆಯುವಾಗ ಬೇಕೆಂದೇ ಮಾಡಿದ ಏರುಪೇರನ್ನು ಸರಿಪಡಿಸುವುದು. ಬಾಸನ್ನು ಇದ್ದ ಹಾಗೆಯೇ ಕೊರೆದರೆ ಗೀರು ಅತ್ತಿತ್ತ ತೀರಾ ಅಗಲಕ್ಕೆ ಹೊಯ್ದಾಡಿ ಪಕ್ಕದ ಗೀರಿಗೆ ತಾಗುತ್ತದೆ. ಹಾಗಾಗಿ ಬಾಸನ್ನು ತಗ್ಗಿಸಿ, ತಟ್ಟೆಯ ಸರಸರ ಸದ್ದು ಮುಚ್ಚಿಹೋಗಲೆಂದು ಟ್ರೆಬಲನ್ನು ಏರಿಸಿ ಕೊರೆಯುತ್ತಾರೆ. ಎಷ್ಟು ತಗ್ಗಿಸಬೇಕು, ಎಷ್ಟು ಏರಿಸಬೇಕು ಎಂಬುದಕ್ಕೆ ಅಮೆರಿಕದ ರೆಕಾರ್ಡಿಂಗ್ ಉದ್ಯಮದ ಒಕ್ಕೂಟ 1954ರಲ್ಲಿ ಒಂದು ಅಳತೆ ಗೊತ್ತುಮಾಡಿತು. ಅದೇ ಆರ್‌ಐಎಎ ಕರ್ವ್: 3180, 318 ಮತ್ತು 75 ಮೈಕ್ರೋಸೆಕೆಂಡಿನ ಮೂರು ಕಾಲಾಂಕಗಳು (ಟೈಮ್ ಕಾನ್‌ಸ್ಟಂಟ್; ರೆಸಿಸ್ಟರನ್ನೂ ಕೆಪಾಸಿಟರನ್ನೂ ಗುಣಿಸಿದರೆ ಸಿಗುವ ಅಂಕಿ). ಪ್ರಿಆಂಪು ಇದನ್ನೇ ತಿರುಗಿಸಿ ಹಾಕಬೇಕು. 1 ಕಿಲೋಹರ್ಟ್ಸಿಗೆ ಹೋಲಿಸಿದರೆ 20 ಹರ್ಟ್ಸಿನಲ್ಲಿ 19.3 ಡೆಸಿಬಲ್ ಏರಿಕೆ, 20 ಕಿಲೋಹರ್ಟ್ಸಿನಲ್ಲಿ 19.6 ಡೆಸಿಬಲ್ ಇಳಿಕೆ.

ಹೊಸಬರನ್ನು ಕಾಡುವುದು ಸರ್ಕ್ಯೂಟಲ್ಲ, ಗುಂಯ್ ಎನ್ನುವ ಹಮ್. ಲೆಕ್ಕ ನೋಡಿ. ಪ್ರಿಆಂಪಿನ ಗೇನ್ (ಸಿಗ್ನಲನ್ನು ಎಷ್ಟು ಪಟ್ಟು ಎತ್ತುತ್ತದೆ ಎಂಬುದು) 1 ಕಿಲೋಹರ್ಟ್ಸಿನಲ್ಲಿ ಸುಮಾರು 100 ಪಟ್ಟು ಇದ್ದರೆ, ನಮ್ಮ ಮನೆಯ ಕರೆಂಟಿನ 50 ಹರ್ಟ್ಸಿನಲ್ಲಿ ಅದು 17 ಡೆಸಿಬಲ್ ಹೆಚ್ಚು, ಎಂದರೆ 650 ಪಟ್ಟಿಗೂ ಮಿಗಿಲು. ಟ್ರಾನ್ಸ್‌ಫಾರ್ಮರಿನಿಂದ ಚೂರು ಸೋರಿದರೂ ಸ್ಪೀಕರಿನಲ್ಲಿ ದುಂಬಿ ಹೊಕ್ಕ ಹಾಗಾಗುತ್ತದೆ. ಆದ್ದರಿಂದ ಇಲ್ಲಿನ ಕ್ರಮ ಹೀಗಿದೆ: ಮೊದಲು ಎರಡು 9 ವೋಲ್ಟ್ ಬ್ಯಾಟರಿಯಲ್ಲಿ ಕಟ್ಟಿ, ಹಾಡಿಸಿ, ತೃಪ್ತಿಯಾದ ಮೇಲಷ್ಟೇ 230 ವೋಲ್ಟಿನ ತಂಟೆಗೆ ಹೋಗುವುದು. ಬ್ಯಾಟರಿಯಲ್ಲೇ ಹಮ್ ಬಂದರೆ ತಪ್ಪು ತಂತಿಯಲ್ಲಿದೆ. ಮೇನ್ಸ್ ಹಾಕಿದ ಮೇಲೆ ಬಂದರೆ ತಪ್ಪು ಸಪ್ಲೈಯಲ್ಲಿದೆ. ಎರಡನ್ನೂ ಒಟ್ಟಿಗೆ ಕಟ್ಟಿದರೆ ಯಾವುದೆಂದು ಹುಡುಕುವುದರಲ್ಲೇ ವಾರ ಕಳೆಯುತ್ತದೆ.

ಕೊಳ್ಳುವ ಮೊದಲು

ನಿಮ್ಮ ಪ್ಲೇಯರನ್ನು ಒಮ್ಮೆ ನೋಡಿ. ಈಚಿನ ಹಲವು ಟರ್ನ್‌ಟೇಬಲ್‌ಗಳ ಒಳಗೇ ಪ್ರಿಆಂಪ್ ಇರುತ್ತದೆ, ಹಿಂದೆ ಫೋನೋ–ಲೈನ್ ಸ್ವಿಚ್ ಇರುತ್ತದೆ. ನಿಮ್ಮದನ್ನು ಕಟ್ಟಿದ ಮೇಲೆ ಅದು ಫೋನೋ ಕಡೆಗೇ ಇರಬೇಕು. ಲೈನಿನಲ್ಲಿ ಬಿಟ್ಟರೆ ಎರಡು ಪ್ರಿಆಂಪ್ ಒಂದರ ಬೆನ್ನಿಗೊಂದು ಸೇರಿ ಒಡಕು ಸದ್ದು ಬರುತ್ತದೆ. ಹಳೆಯ ಪೆಟ್ಟಿಗೆ ಪ್ಲೇಯರುಗಳಲ್ಲಿ ಹೆಚ್ಚಾಗಿ ಸೆರಾಮಿಕ್ ಕಾರ್ಟ್ರಿಡ್ಜ್ ಇರುತ್ತದೆ. ಅದು ನೂರಾರು ಮಿಲಿವೋಲ್ಟ್ ಕೊಡುವುದರಿಂದ ಅದಕ್ಕೆ ಈ ಪ್ರಿಆಂಪ್ ಬೇಡ. ಮೂವಿಂಗ್ ಕಾಯಿಲ್ ಕಾರ್ಟ್ರಿಡ್ಜ್ ಇದ್ದರೆ ಸಾಮಾನ್ಯವಾಗಿ ಅರ್ಧ ಮಿಲಿವೋಲ್ಟಿನ ಆಸುಪಾಸಷ್ಟೇ ಬರುತ್ತದೆ, ಅದಕ್ಕೆ ಈ ಗೇನ್ ಸಾಲದು.

ಕಿಟ್ ಕೇಳುವಾಗ ಬರೇ ‘ಪ್ರಿಆಂಪ್ ಕೊಡಿ’ ಎನ್ನಬೇಡಿ. ಬೆಂಗಳೂರಿನ ಎಸ್‌ಪಿ ರೋಡಿನಲ್ಲಾಗಲಿ, ಆನ್‌ಲೈನಿನಲ್ಲಾಗಲಿ ಆ ಮಾತಿಗೆ ಮೈಕ್ ಪ್ರಿಆಂಪೋ ಬಾಸ್–ಟ್ರೆಬಲ್ ಬೋರ್ಡೋ ಕೈಗೆ ಬರುವ ಸಂಭವವೇ ಹೆಚ್ಚು. ‘ಫೋನೋ’, ‘ಆರ್‌ಐಎಎ’, ‘ಎಂಎಂ’ ಎಂಬ ಮೂರು ಪದ ಕಾಣಬೇಕು, ಇನ್‌ಪುಟ್ಟಿನಲ್ಲಿ 47 ಕೆ (47 ಕಿಲೋಓಮ್) ರೆಸಿಸ್ಟರ್ ಇರಬೇಕು, ಸರ್ಕ್ಯೂಟ್ ಚಿತ್ರ ಜೊತೆಗೆ ಬರಬೇಕು. ಚಿತ್ರವಿಲ್ಲದ ಕಿಟ್ ಎಷ್ಟೇ ಅಗ್ಗವಾದರೂ ಬಿಟ್ಟುಬಿಡಿ. ಕೆಟ್ಟಾಗ ಹುಡುಕಲು ದಾರಿಯೇ ಇರದು.

ಇಲ್ಲಿ ಹೇಳುವುದು ಒಂದೇ ಒಂದು ಎನ್‌ಇ5532 ಐಸಿಯ ಸರ್ಕ್ಯೂಟು. ಅದರೊಳಗೆ ಎರಡು ಆಪ್‌ಆಂಪ್ (ಸಿಗ್ನಲ್ ಎತ್ತುವ ಘಟಕ) ಇರುವುದರಿಂದ ಎಡಕ್ಕೊಂದು, ಬಲಕ್ಕೊಂದು ಆಗುತ್ತದೆ. ನಿಮ್ಮ ಕಿಟ್ಟಿನಲ್ಲಿ ಬಿಡಿಭಾಗಗಳ ಓಮ್, ಫ್ಯಾರಡ್ ಅಂಕಿಗಳು ಸ್ವಲ್ಪ ಬೇರೆ ಇರಬಹುದು; ಆಗ ಕಿಟ್ಟಿನ ಅಂಕಿಗಳನ್ನೇ ಅನುಸರಿಸಿ, ಇಲ್ಲಿಂದ ಒಂದು ಅಲ್ಲಿಂದ ಒಂದು ಬೆರೆಸಬೇಡಿ. ಕರ್ವಿನ ಆರು ಬಿಡಿಭಾಗಗಳು ಒಂದು ಸಂಸಾರ. ಒಂದನ್ನು ಬದಲಿಸಿದರೆ ಉಳಿದವೂ ಬದಲಾಗಬೇಕು.

ಒಂದು ಚಾನೆಲ್ಲಿಗೆ ಇಷ್ಟು ಬೇಕು (ಎರಡಕ್ಕೂ ಸೇರಿ ದುಪ್ಪಟ್ಟು):

- 47 ಕೆ ರೆಸಿಸ್ಟರ್ 1: ಇನ್‌ಪುಟ್ಟಿನಿಂದ ಗ್ರೌಂಡಿಗೆ
- 100 ಓಮ್ 2: ಒಂದು ಗೇನ್ ನಿರ್ಧರಿಸಲು, ಇನ್ನೊಂದು ಔಟ್‌ಪುಟ್ಟಿನಲ್ಲಿ
- 82 ಕೆ 1 ಮತ್ತು 6.2 ಕೆ 1: ಸೀರೀಸಿನಲ್ಲಿ, ಒಟ್ಟು 88.2 ಕೆ
- 7.5 ಕೆ 1
- 100 ಕೆ 1: ಔಟ್‌ಪುಟ್ಟಿನಿಂದ ಗ್ರೌಂಡಿಗೆ
- 33 ನ್ಯಾನೋಫ್ಯಾರಡ್ 1 ಮತ್ತು 3.3 ನ್ಯಾನೋಫ್ಯಾರಡ್ 1: ಪ್ಯಾರಲಲ್ಲಿನಲ್ಲಿ
- 10 ನ್ಯಾನೋಫ್ಯಾರಡ್ 1
- 220 ಮೈಕ್ರೋಫ್ಯಾರಡ್, 16 ವೋಲ್ಟ್ ಎಲೆಕ್ಟ್ರೋಲಿಟಿಕ್ 1
- 4.7 ಮೈಕ್ರೋಫ್ಯಾರಡ್ ನಾನ್‌ಪೋಲಾರ್ 1

ಎರಡೂ ಚಾನೆಲ್ಲಿಗೆ ಸಾಮಾನ್ಯವಾಗಿ: ಎಂಟು ಕಾಲಿನ ಎನ್‌ಇ5532, ಅದಕ್ಕೆ ಐಸಿ ಬೇಸ್, ಅಂಗಡಿಯವರು ‘ಪಾಯಿಂಟ್ ಒನ್’ ಎನ್ನುವ 104 ಸೆರಾಮಿಕ್ ಕೆಪಾಸಿಟರ್ 2, 100 ಮೈಕ್ರೋಫ್ಯಾರಡ್ 25 ವೋಲ್ಟ್ 2, ಆರ್‌ಸಿಎ ಸಾಕೆಟ್ 4, ಅರ್ಥ್ ತಂತಿಗೆ ಸ್ಕ್ರೂ ಟರ್ಮಿನಲ್ 1, 9 ವೋಲ್ಟ್ ಬ್ಯಾಟರಿ ಕ್ಲಿಪ್ 2, ಆರು ಕಾಲಿನ ಡಬಲ್ ಪೋಲ್ ಸ್ವಿಚ್ 1, ಒಂದು ಮೀಟರ್ ಷೀಲ್ಡ್ ವೈರ್.

ರೆಸಿಸ್ಟರುಗಳೆಲ್ಲ ಕಾಲು ವ್ಯಾಟಿನ, ಶೇ. 1ರ ಮೆಟಲ್ ಫಿಲ್ಮ್ ಆಗಿರಲಿ. 33, 3.3, 10 ನ್ಯಾನೋದವು ಶೇ. 5 ಅಥವಾ ಅದಕ್ಕಿಂತ ಒಳ್ಳೆಯ ಫಿಲ್ಮ್ ಕೆಪಾಸಿಟರ್ ಆಗಲೇಬೇಕು. ಮೈಮೇಲೆ 333ಜೆ, 332ಜೆ, 103ಜೆ ಎಂದಿರುತ್ತದೆ. ಆ ‘ಜೆ’ ಎಂದರೇ ಶೇ. 5. ಈ ಜಾಗಕ್ಕೆ ಮಸೂರದ ಬೇಳೆಯಂಥ ಅಗ್ಗದ ಸೆರಾಮಿಕ್ ಹಾಕಿದರೆ ಬಿಸಿಲೇರಿದಂತೆ ಅದರ ಫ್ಯಾರಡ್ ಅಂಕಿ ಬದಲಾಗುತ್ತದೆ, ಎಡ–ಬಲ ಒಂದೇ ಥರ ಇರುವುದಿಲ್ಲ. ಕೆಪಾಸಿಟರ್ ಅಳೆಯುವ ಮೀಟರಿದ್ದರೆ ಹತ್ತು ತಂದು ಜೋಡಿ ಆರಿಸಿ. ಕರ್ವು ಕಾಲು ಡೆಸಿಬಲ್ ಅತ್ತಿತ್ತ ಆದರೆ ಕಿವಿಗೆ ತಿಳಿಯದು. ಎರಡು ಚಾನೆಲ್ ಬೇರೆಬೇರೆಯಾದರೆ ಗಾಯಕರು ನಡುವಿನಿಂದ ಸರಿದು ಕೂತ ಹಾಗೆ ಕೇಳುತ್ತದೆ.

ಸರ್ಕ್ಯೂಟು ಏನು ಮಾಡುತ್ತದೆ

ಸಿಗ್ನಲು 47 ಕೆ ದಾಟಿ ಐಸಿಯ 3ನೇ ಕಾಲಿಗೆ ಹೋಗುತ್ತದೆ (ಇನ್ನೊಂದು ಚಾನೆಲ್ಲಿಗೆ 5ನೇ ಕಾಲು). ಔಟ್‌ಪುಟ್ 1ನೇ ಕಾಲು (ಇನ್ನೊಂದಕ್ಕೆ 7). ಔಟ್‌ಪುಟ್ಟಿನಿಂದ 2ನೇ ಕಾಲಿಗೆ (ಇನ್ನೊಂದಕ್ಕೆ 6) ಹಿಂದಿರುಗುವ ದಾರಿಯಲ್ಲಿ ಎರಡು ಗುಂಪು ಸಾಲಾಗಿ ಕೂತಿವೆ: 88.2 ಕೆ ಜೊತೆ 36.3 ನ್ಯಾನೋ ಒಂದು, 7.5 ಕೆ ಜೊತೆ 10 ನ್ಯಾನೋ ಇನ್ನೊಂದು. ಗುಣಿಸಿ ನೋಡಿ. ಮೊದಲನೆಯದು 3200 ಮೈಕ್ರೋಸೆಕೆಂಡ್, ಎರಡನೆಯದು ಸರಿಯಾಗಿ 75. ಎರಡೂ ಸೇರಿ ಹುಟ್ಟುವ ಮೂರನೆಯದು 320. ಬೇಕಾದ 3180, 75, 318ಕ್ಕೆ ಶೇ. 1ರೊಳಗೆ ಬಂದೆವು. 2ನೇ ಕಾಲಿನಿಂದ ಗ್ರೌಂಡಿಗೆ 100 ಓಮ್ ಮತ್ತು 220 ಮೈಕ್ರೋಫ್ಯಾರಡ್ ಸೀರೀಸಿನಲ್ಲಿ. ಇದರಿಂದ 1 ಕಿಲೋಹರ್ಟ್ಸಿನಲ್ಲಿ ಗೇನ್ 97 ಪಟ್ಟು, ಹತ್ತಿರಹತ್ತಿರ 40 ಡೆಸಿಬಲ್. 4 ಮಿಲಿವೋಲ್ಟ್ ಒಳಹೋದರೆ 0.39 ವೋಲ್ಟ್ ಹೊರಬರುತ್ತದೆ. ನಿಮ್ಮ ಕಾರ್ಟ್ರಿಡ್ಜ್ ಜೋರಿನದಾದರೆ ಆ 100 ಓಮ್ ಬದಲು 150 ಓಮ್ ಹಾಕಿ. ಗೇನ್ 65ಕ್ಕೆ ಇಳಿಯುತ್ತದೆ, ಕರ್ವು ಹಾಗೇ ಉಳಿಯುತ್ತದೆ. ಸಂಸಾರದಿಂದ ಹೊರಗಿರುವ, ಧೈರ್ಯವಾಗಿ ಬದಲಿಸಬಹುದಾದ ರೆಸಿಸ್ಟರ್ ಅದೊಂದೇ.

8ನೇ ಕಾಲಿಗೆ ಪ್ಲಸ್, 4ನೇ ಕಾಲಿಗೆ ಮೈನಸ್. ಎರಡರಿಂದಲೂ ಗ್ರೌಂಡಿಗೆ ಒಂದೊಂದು ‘ಪಾಯಿಂಟ್ ಒನ್’, ಅದೂ ಐಸಿಯ ಕಾಲಿಗೆ ಅಂಟಿಕೊಂಡ ಹಾಗೆ. ಇದು ದೂರವಾದರೆ ಐಸಿ ಕಿವಿಗೆ ಕೇಳದ ತರಂಗದಲ್ಲಿ ತಾನೇ ಆಡತೊಡಗುತ್ತದೆ. ಸದ್ದು ಮಸುಕಾಗಿ, ಐಸಿಯ ಮೈ ಬಿಸಿಯಾಗಿದ್ದರೆ ಮೊದಲು ಇಲ್ಲೇ ನೋಡಬೇಕು.

ಬೆಸುಗೆ

25 ವ್ಯಾಟಿನ ಸೋಲ್ಡರಿಂಗ್ ಐರನ್ ಸಾಕು. ಬಿಸಿ ಹೊಂದಿಸುವಂಥದ್ದಾದರೆ 340–350 ಡಿಗ್ರಿ. 0.8 ಮಿಲಿಮೀಟರ್ ದಪ್ಪದ, ಒಳಗೆ ರಾಳವಿರುವ 60/40 ಅಥವಾ 63/37 ಸೋಲ್ಡರ್ ವೈರ್ ತನ್ನಿ. ನಲ್ಲಿ–ಪೈಪಿಗೆ ಬಳಸುವ ಆಸಿಡ್ ಫ್ಲಕ್ಸ್ ಹತ್ತಿರವೂ ಸುಳಿಯಬಾರದು. ಆರು ತಿಂಗಳಲ್ಲಿ ಬೋರ್ಡಿನ ತಾಮ್ರ ಹಸಿರುಗಟ್ಟುತ್ತದೆ. ಕಿಟಕಿ ತೆರೆದಿಡಿ, ಕೆಲಸ ಮುಗಿದ ಮೇಲೆ ಕೈ ತೊಳೆದೇ ಊಟಕ್ಕೆ ಕೂತುಕೊಳ್ಳಿ. ಸೋಲ್ಡರಿನಲ್ಲಿ ಸೀಸ ಇರುತ್ತದೆ.

ಮೊದಲ ಬಾರಿ ಬೆಸುಗೆ ಹಾಕುವವರ ಕೈ ತಾನಾಗಿಯೇ ಸೋಲ್ಡರನ್ನು ಐರನ್ನಿನ ತುದಿಗೆ ಕರಗಿಸಿ, ಆ ಹನಿಯನ್ನು ತಂದು ಜಾಯಿಂಟಿನ ಮೇಲೆ ಮೆತ್ತುತ್ತದೆ. ಅದು ಬೆಸುಗೆಯಲ್ಲ, ಮೇಣ. ಐರನ್ನಿನ ತುದಿ ಬೋರ್ಡಿನ ತಾಮ್ರದ ಬಿಲ್ಲೆಗೂ ಬಿಡಿಭಾಗದ ಕಾಲಿಗೂ ಒಟ್ಟಿಗೆ ತಾಗಬೇಕು. ಒಂದು ಎಣಿಸಿ. ಸೋಲ್ಡರನ್ನು ಐರನ್ನಿಗಲ್ಲ, ಎದುರು ಬದಿಯಿಂದ ಕಾಲಿಗೆ ತಾಗಿಸಿ. ಬಿಸಿ ಹಿಡಿದಿದ್ದರೆ ಅದು ಕಾಲಿನ ಸುತ್ತ ನೀರಿನ ಹಾಗೆ ಹರಿದು ಬಿಲ್ಲೆಯನ್ನು ಮುಚ್ಚುತ್ತದೆ. ಮೊದಲು ಸೋಲ್ಡರ್ ತೆಗೆಯಿರಿ, ಆಮೇಲೆ ಐರನ್. ಒಟ್ಟು ಮೂರು ಸೆಕೆಂಡ್. ಆರುವವರೆಗೆ ಅಲುಗಿಸಬೇಡಿ. ಸರಿಯಾದ ಜಾಯಿಂಟು ಕಾಲಿನ ಬುಡದಲ್ಲಿ ಹುತ್ತದ ಹಾಗೆ ಇಳಿಜಾರಾಗಿ, ಹೊಳಪಾಗಿ ನಿಲ್ಲುತ್ತದೆ. ಸಾಬಕ್ಕಿ ಕಾಳಿನ ಹಾಗೆ ಗುಂಡಗೆ ಕೂತಿದ್ದರೆ, ಬೂದಿ ಬಣ್ಣದಲ್ಲಿ ಒರಟಾಗಿದ್ದರೆ ಒಳಗೆ ಹಿಡಿದಿಲ್ಲ. ಮತ್ತೆ ಬಿಸಿ ಮಾಡಿ ಚೂರು ಹೊಸ ಸೋಲ್ಡರ್ ಕೊಡಿ.

ಕುಳ್ಳಗಿರುವುದು ಮೊದಲು, ಎತ್ತರದ್ದು ಕೊನೆಗೆ. ಎಂದರೆ ರೆಸಿಸ್ಟರು, ಐಸಿ ಬೇಸು, ಸೆರಾಮಿಕ್, ಫಿಲ್ಮ್, ಎಲೆಕ್ಟ್ರೋಲಿಟಿಕ್, ಕಟ್ಟಕಡೆಗೆ ತಂತಿಗಳು.

ಪ್ರತಿ ರೆಸಿಸ್ಟರನ್ನೂ ಮಲ್ಟಿಮೀಟರಿನಲ್ಲಿ ಅಳೆದೇ ಬೋರ್ಡಿಗೆ ಹಾಕಿ. ಐದು ಪಟ್ಟೆಯ ನೀಲಿ ರೆಸಿಸ್ಟರುಗಳಲ್ಲಿ ಯಾವ ತುದಿಯಿಂದ ಓದಬೇಕೆಂಬುದೇ ಗೊತ್ತಾಗುವುದಿಲ್ಲ. 100 ಕೆ ಎಂದರೆ ಕಂದು, ಕಪ್ಪು, ಕಪ್ಪು, ಕಿತ್ತಳೆ, ಕಂದು. ಅದನ್ನೇ ಹಿಂದುಮುಂದಾಗಿ ಓದಿದರೆ 130 ಓಮ್. 100 ಓಮಿನದು ಮಾತ್ರ ಕಂದು, ಕಪ್ಪು, ಕಪ್ಪು, ಕಪ್ಪು, ಕಂದು. ಎತ್ತಲಿಂದ ಓದಿದರೂ ಒಂದೇ. 100 ಕೆ ಮತ್ತು 100 ಓಮ್ ಅದಲುಬದಲಾಗುವುದು ಬಹಳ ಸಾಮಾನ್ಯ ತಪ್ಪು. ಹಾಗಾದರೆ ಗೇನೇ ಇರುವುದಿಲ್ಲ.

ಎಲೆಕ್ಟ್ರೋಲಿಟಿಕ್ಕಿನಲ್ಲಿ ಉದ್ದದ ಕಾಲು ಪ್ಲಸ್, ಮೈಮೇಲೆ ಪಟ್ಟಿ ಇರುವ ಕಡೆ ಮೈನಸ್. ಸಪ್ಲೈಯ ಎರಡು 100 ಮೈಕ್ರೋಫ್ಯಾರಡ್‌ಗಳಲ್ಲಿ ಒಂದು ‘ತಲೆಕೆಳಗೆ’ ಇದ್ದ ಹಾಗೆ ಕಾಣುತ್ತದೆ, ಸರಿಯೇ: ಮೈನಸ್ ಸಾಲಿನಲ್ಲಿ ಅದರ ಪ್ಲಸ್ ಕಾಲು ಗ್ರೌಂಡಿಗೆ ಹೋಗಬೇಕು. ಎರಡನ್ನೂ ಒಂದೇ ದಿಕ್ಕಿಗೆ ಕೂರಿಸಿದರೆ ಒಂದು ಉಬ್ಬಿ ಒಡೆಯುತ್ತದೆ.

ಐಸಿ ಬೇಸಿನ ಕಚ್ಚು ಬೋರ್ಡಿನ ಮೇಲಿನ ಕಚ್ಚಿನ ಗುರುತಿಗೆ ಸರಿಹೊಂದಬೇಕು. ಐಸಿಯನ್ನು ಈಗಲೇ ಹಾಕಬೇಡಿ.

ಕರೆಂಟ್ ಕೊಡುವ ಮೊದಲು, ಕೊಟ್ಟ ಮೇಲೆ

ಬೋರ್ಡನ್ನು ಬೆಳಕಿಗೆ ಹಿಡಿದು ಕಾಲುಗಳ ನಡುವೆ ಸೋಲ್ಡರ್ ಸೇತುವೆ ಇದೆಯೇ ನೋಡಿ. ಮೀಟರಿನ ಬೀಪ್ ಹಾಕಿ 8ನೇ ಕಾಲಿನಿಂದ ಗ್ರೌಂಡಿಗೆ, 4ರಿಂದ ಗ್ರೌಂಡಿಗೆ, 4ರಿಂದ 8ಕ್ಕೆ ತಾಗಿಸಿ. ಮೂರರಲ್ಲೂ ಬೀಪ್ ಬರಬಾರದು. ಕೆಪಾಸಿಟರು ತುಂಬುವಾಗ ಕ್ಷಣಮಾತ್ರ ಕೂಗಿದರೆ ಚಿಂತೆಯಿಲ್ಲ.

ಬ್ಯಾಟರಿಗಳಲ್ಲಿ ಒಂದರ ಪ್ಲಸ್ಸನ್ನು ಇನ್ನೊಂದರ ಮೈನಸ್ಸಿಗೆ ಸೇರಿಸಿ. ಆ ಕೂಡುವ ಜಾಗವೇ ಗ್ರೌಂಡು. ಉಳಿದ ಎರಡು ತುದಿ ಸ್ವಿಚ್ಚಿನ ಮೂಲಕ ಪ್ಲಸ್ ಮತ್ತು ಮೈನಸ್ಸಿಗೆ ಹೋಗಲಿ. ಸಿಂಗಲ್ ಪೋಲ್ ಸ್ವಿಚ್ ಹಾಕಿ ಒಂದೇ ಬ್ಯಾಟರಿ ಕಡಿಯುವವರಿದ್ದಾರೆ. ಆಗ ಐಸಿ ಒಂದೇ ಕಾಲಿನಲ್ಲಿ ನಿಂತು ಔಟ್‌ಪುಟ್ ಒಂದು ಬದಿಗೆ ಜಾರುತ್ತದೆ, ಸ್ಪೀಕರಿಗೆ ದಡ್ಡೆಂದು ಹೊಡೆತ ಬೀಳುತ್ತದೆ, ಇನ್ನೊಂದು ಬ್ಯಾಟರಿ ತಿಳಿಯದಂತೆ ಖಾಲಿಯಾಗುತ್ತದೆ.

ಐಸಿ ಇಲ್ಲದೆಯೇ ಆನ್ ಮಾಡಿ. ಬೇಸಿನ 8ರಲ್ಲಿ +9, 4ರಲ್ಲಿ −9 ವೋಲ್ಟ್ ಸಿಗಬೇಕು. ಸಿಕ್ಕರೆ ಆಫ್ ಮಾಡಿ, ಅರ್ಧ ನಿಮಿಷ ಬಿಟ್ಟು ಐಸಿ ಕೂರಿಸಿ. ಹೊಸ ಐಸಿಯ ಕಾಲುಗಳು ಸ್ವಲ್ಪ ಅಗಲಕ್ಕೆ ಚಾಚಿರುತ್ತವೆ. ಮೇಜಿಗೆ ಮೆಲ್ಲಗೆ ಒತ್ತಿ ನೇರ ಮಾಡಿಕೊಳ್ಳಿ, ಇಲ್ಲದಿದ್ದರೆ ಒಂದು ಕಾಲು ಒಳಕ್ಕೆ ಮಡಚಿಕೊಂಡು ಬೇಸಿನೊಳಗೆ ಹೋಗದೆ ಮೇಲಿನಿಂದ ಸರಿಯಾಗಿಯೇ ಕಾಣುತ್ತದೆ. ಕಚ್ಚಿನ ಎಡಕ್ಕಿರುವುದು 1ನೇ ಕಾಲು, ಅಲ್ಲಿಂದ ಗಡಿಯಾರದ ವಿರುದ್ಧ ದಿಕ್ಕಿಗೆ ಎಣಿಕೆ. ತಿರುಗುಮುರುಗಾಗಿ ಹಾಕಿದರೆ 4 ಮತ್ತು 8 ಅದಲುಬದಲಾಗಿ ಐಸಿ ಸುಟ್ಟಂತೆಯೇ.

ಮತ್ತೆ ಆನ್ ಮಾಡಿ, ಇನ್‌ಪುಟ್ ಸಾಕೆಟ್‌ಗಳನ್ನು ಗ್ರೌಂಡಿಗೆ ಷಾರ್ಟ್ ಮಾಡಿ 1 ಮತ್ತು 7ನೇ ಕಾಲಿನ ಡಿಸಿ ಅಳೆಯಿರಿ. 10ರಿಂದ 50 ಮಿಲಿವೋಲ್ಟ್ ಸಹಜ. 5532ರ ಇನ್‌ಪುಟ್ ಕಾಲುಗಳು ಎಳೆದುಕೊಳ್ಳುವ ಚಿಟಿಕೆ ಕರೆಂಟು 88 ಕೆ ಮೇಲೆ ಹರಿದು ಅಷ್ಟು ತೋರಿಸುತ್ತದೆ, ಔಟ್‌ಪುಟ್ಟಿನ 4.7 ಮೈಕ್ರೋಫ್ಯಾರಡ್ ಅದನ್ನು ತಡೆಯುತ್ತದೆ. 7 ಅಥವಾ 8 ವೋಲ್ಟ್ ತೋರಿಸಿದರೆ ಹಿಂದಿರುಗುವ ದಾರಿ ಕಡಿದಿದೆ: 82 ಕೆ, 6.2 ಕೆ, 7.5 ಕೆ ಈ ಮೂರರ ಯಾವುದೋ ಬೆಸುಗೆ ಹಿಡಿದಿಲ್ಲ. (12 ವೋಲ್ಟಿನ ಒಂಟಿ ಸಪ್ಲೈಯ ಕಿಟ್ ಆದರೆ ಔಟ್‌ಪುಟ್ ಕಾಲಿನಲ್ಲಿ ಅರ್ಧ, ಎಂದರೆ 6 ವೋಲ್ಟ್ ಇರುವುದೇ ಸರಿ.)

ಕಾರ್ಟ್ರಿಡ್ಜ್ ಜೋಡಿಸುವ ಮೊದಲು ಫೋನಿನಿಂದ ಒಂದು ಪರೀಕ್ಷೆ. ಹೆಡ್‌ಫೋನ್ ತಂತಿಯಿಂದ ಬರುವ ಅರ್ಧ ವೋಲ್ಟು ಇದಕ್ಕೆ ತೀರಾ ಹೆಚ್ಚು. ಸಿಗ್ನಲಿನ ದಾರಿಯಲ್ಲಿ 10 ಕೆ, ಅದರಾಚೆ ಗ್ರೌಂಡಿಗೆ 100 ಓಮ್ ಹಾಕಿದರೆ ನೂರನೇ ಒಂದು ಪಾಲು ಉಳಿಯುತ್ತದೆ. ಇದರ ಮೂಲಕ ಒಂದು ಹಾಡು ಬಿಡಿ. ಬಾಸ್ ಉಬ್ಬಿಕೊಂಡು, ಟ್ರೆಬಲ್ ಕಂಬಳಿ ಹೊದ್ದ ಹಾಗೆ ಕೇಳಬೇಕು. ಹಾಗೆ ಕೇಳಿದರೆ ಈಕ್ವಲೈಸೇಶನ್ ಆಗುತ್ತಿದೆ ಎಂದರ್ಥ. ಹಾಡು ಚೆನ್ನಾಗಿ ಕೇಳಿದರೆ ಮಾತ್ರ ತೊಂದರೆ! ಅಂಕಿಯಲ್ಲೇ ನೋಡಬೇಕೆಂದರೆ ಟೋನ್ ಜನರೇಟರ್ ಆ್ಯಪಿನಿಂದ 1000 ಹರ್ಟ್ಸ್ ಮತ್ತು 100 ಹರ್ಟ್ಸ್ ಒಂದೇ ವಾಲ್ಯೂಮಿನಲ್ಲಿ ಕೊಟ್ಟು ಔಟ್‌ಪುಟ್ಟಿನ ಎಸಿ ಅಳೆಯಿರಿ. 100 ಹರ್ಟ್ಸಿನದು ನಾಲ್ಕೂವರೆ ಪಟ್ಟು ಇರಬೇಕು. ಎಸಿಯಲ್ಲಿ 200 ಮತ್ತು 750 ವೋಲ್ಟ್ ಮಾತ್ರ ಇರುವ ಅಗ್ಗದ ಹಳದಿ ಮೀಟರಿನಲ್ಲಿ ಇದು ಆಗದು, 2 ವೋಲ್ಟ್ ರೇಂಜ್ ಬೇಕು. 10 ಕಿಲೋಹರ್ಟ್ಸನ್ನು ಸಾಧಾರಣ ಮೀಟರಿನಲ್ಲಿ ಅಳೆಯಲು ಹೋಗಬೇಡಿ, ಸುಳ್ಳು ಹೇಳುತ್ತದೆ.

ಡಬ್ಬಿ ಮತ್ತು ಗ್ರೌಂಡು

ಪ್ಲಾಸ್ಟಿಕ್ ಡಬ್ಬಿ ಬೇಡ. ಅಲ್ಯೂಮಿನಿಯಂ ಡಬ್ಬಿ ಮೊಬೈಲಿನ ಟರಟರ ಸದ್ದನ್ನೂ ರೇಡಿಯೋ ಕಾಟವನ್ನೂ ತಡೆಯುತ್ತದೆ, ಆದರೆ ಟ್ರಾನ್ಸ್‌ಫಾರ್ಮರಿನ 50 ಹರ್ಟ್ಸ್ ಕಾಂತಕ್ಷೇತ್ರ ಅದರ ಮೂಲಕ ಸರಾಗ ಹಾದುಹೋಗುತ್ತದೆ. ಅದಕ್ಕೆ ಕಬ್ಬಿಣವೇ ಬೇಕು. ಅಡುಗೆಮನೆಯ ಸ್ಟೀಲ್ ಡಬ್ಬಿ ನೋಡಲು ಚೆಂದ, ಆದರೆ ಬಹುಪಾಲು ಸ್ಟೇನ್‌ಲೆಸ್ ಪಾತ್ರೆಗೆ ಅಯಸ್ಕಾಂತ ಅಂಟುವುದಿಲ್ಲ. ಅಂಟದಿದ್ದರೆ ಈ ಕೆಲಸಕ್ಕೆ ಅದೂ ಅಲ್ಯೂಮಿನಿಯಮ್ಮೂ ಒಂದೇ. ಹಳೆಯ ಬಿಸ್ಕತ್ತಿನ ತಗಡಿನ ಡಬ್ಬಿಗೆ ಚೆನ್ನಾಗಿ ಅಂಟುತ್ತದೆ. ಅರ್ಥ್ ಸ್ಕ್ರೂ ಕೂರುವಲ್ಲಿ ಬಣ್ಣವನ್ನು ಹೊಳೆಯುವ ತಗಡು ಕಾಣುವವರೆಗೆ ಕೆರೆಯುವುದನ್ನು ಮರೆಯಬೇಡಿ.

ಆರ್‌ಸಿಎ ಸಾಕೆಟ್‌ಗಳ ಹೊರ ಬಳೆ ಡಬ್ಬಿಗೆ ತಾಗಬಾರದು, ಪ್ಲಾಸ್ಟಿಕ್ ವಾಷರ್ ಇರುವಂಥವನ್ನೇ ತನ್ನಿ. ಇನ್‌ಪುಟ್ ಸಾಕೆಟ್‌ನಿಂದ ಬೋರ್ಡಿಗೆ ಷೀಲ್ಡ್ ವೈರು, ಆದಷ್ಟು ಗಿಡ್ಡ. ಟರ್ನ್‌ಟೇಬಲ್ಲಿನ ತೆಳು ಅರ್ಥ್ ತಂತಿಗೆ ಡಬ್ಬಿಯ ಹಿಂದೆ ಸ್ಕ್ರೂ ಟರ್ಮಿನಲ್ ಕೊಡಿ. ಬೋರ್ಡಿನ ಗ್ರೌಂಡು, ಆ ಟರ್ಮಿನಲ್ಲು, ಡಬ್ಬಿಯ ಮೈ ಇವು ಮೂರೂ ಕೂಡುವುದು ಒಂದೇ ಒಂದು ಜಾಗದಲ್ಲಿ, ಇನ್‌ಪುಟ್ ಸಾಕೆಟ್ಟಿನ ಪಕ್ಕ. ಎರಡು ಕಡೆ ಕೂಡಿದರೆ ಅದೊಂದು ಬಳೆಯಾಗಿ ಸುತ್ತಲಿನ ಹಮ್ಮನ್ನೆಲ್ಲ ಹಿಡಿಯುತ್ತದೆ.

ಈಗ ಪ್ಲೇಟು ಹಾಕಿ ಕೇಳಿ. ಹೊಸ ಆಲ್ಕಲೈನ್ ಜೋಡಿಯಲ್ಲಿ 40 ಗಂಟೆಯ ಆಸುಪಾಸು ಹಾಡಬಹುದು, ಐಸಿ ಕುಡಿಯುವುದು ಸುಮಾರು 8 ಮಿಲಿಆಂಪ್. ವಾರಕ್ಕೆರಡು ಎಲ್‌ಪಿ ಕೇಳುವವರಿಗೆ ಇಷ್ಟೇ ಸಾಕು. ಮುಂದಿನ ಭಾಗ ಕಡ್ಡಾಯವಲ್ಲ.

230 ವೋಲ್ಟಿಗೆ ಹೋಗುವುದಾದರೆ

ಮೇನ್ಸ್ ವೈರಿಂಗ್ ಮಾಡಿ ಗೊತ್ತಿಲ್ಲದವರು ಗೊತ್ತಿರುವವರನ್ನು ಪಕ್ಕದಲ್ಲಿ ಕೂರಿಸಿಕೊಂಡೇ ಮಾಡಿ. ಸಪ್ಲೈಗೆ ಬೇರೆಯೇ ಡಬ್ಬಿ ಇರಲಿ, ಪ್ರಿಆಂಪಿನಿಂದ ಅರ್ಧ ಮೀಟರಾದರೂ ದೂರ. ಎಲ್ಲೆಡೆ ಸಿಗುವ 12-0-12, 500 ಮಿಲಿಆಂಪ್ ಟ್ರಾನ್ಸ್‌ಫಾರ್ಮರ್, ನಾಲ್ಕು 1ಎನ್4007 ಡಯೋಡ್, ಎರಡು 2200 ಮೈಕ್ರೋಫ್ಯಾರಡ್ 35 ವೋಲ್ಟ್ ಕೆಪಾಸಿಟರ್, ಒಂದು 7812, ಒಂದು 7912, ರೆಗ್ಯುಲೇಟರುಗಳ ಒಳಗೂ ಹೊರಗೂ ‘ಪಾಯಿಂಟ್ ಒನ್’, ಹೊರಗೆ 10 ಮೈಕ್ರೋಫ್ಯಾರಡ್. ಫೇಸ್ ತಂತಿಯಲ್ಲಿ 250 ಮಿಲಿಆಂಪ್ ಸ್ಲೋ ಫ್ಯೂಸು, ಆಮೇಲೆ ಸ್ವಿಚ್ಚು. ಮೂರು ಪಿನ್ನಿನ ಹಸಿರು ತಂತಿ ಸಪ್ಲೈ ಡಬ್ಬಿಯ ಮೈಗೆ ಗಟ್ಟಿಯಾಗಿ.

ಎಡವುವುದು ಎರಡು ಕಡೆ. 7812ರ ಕಾಲುಗಳು ಎಡದಿಂದ ಇನ್, ಗ್ರೌಂಡ್, ಔಟ್. 7912ರದು ಗ್ರೌಂಡ್, ಇನ್, ಔಟ್. ಅಣ್ಣತಮ್ಮಂದಿರ ಹಾಗೆ ಕಂಡರೂ ಒಂದೇ ಅಲ್ಲ. 7912ರ ಬೆನ್ನಿನ ಲೋಹದಲ್ಲಿ ಮೈನಸ್ ಇನ್‌ಪುಟ್ ಇರುತ್ತದೆ, ಡಬ್ಬಿಗೆ ತಾಗಿದರೆ ಷಾರ್ಟು. ಈ ಕರೆಂಟಿಗೆ ಹೀಟ್‌ಸಿಂಕ್ ಬೇಕಿಲ್ಲವಾದ್ದರಿಂದ ಗಾಳಿಯಲ್ಲೇ ನಿಲ್ಲಿಸಿ. ಇನ್ನು ಟ್ರಾನ್ಸ್‌ಫಾರ್ಮರಿನ ತಂತಿಯ ಬಣ್ಣ ನಂಬಬೇಡಿ. ನೂರಾರು ಓಮ್ ತೋರಿಸುವ ಎರಡು ತಂತಿ ಪ್ರೈಮರಿ. ಕೆಲವೇ ಓಮಿನ ಮೂರು ತಂತಿ ಸೆಕೆಂಡರಿ. ನಡುವಿನದು ಗ್ರೌಂಡು.

ಮೊದಲ ಸಲ 40 ವ್ಯಾಟಿನ ತಂತಿ ಬಲ್ಬನ್ನು ಸೀರೀಸಿನಲ್ಲಿಟ್ಟು ಆನ್ ಮಾಡಿ. ಬಲ್ಬು ಒಮ್ಮೆ ಮಿನುಗಿ ಆರಬೇಕು, ಉರಿಯುತ್ತಲೇ ಇದ್ದರೆ ಎಲ್ಲೋ ಷಾರ್ಟಿದೆ. ಹೊರಗೆ +12, −12 ಬಂದ ಮೇಲೆ ಆಫ್ ಮಾಡಿ, ಮೂರು ತಂತಿಯನ್ನು ಬ್ಯಾಟರಿಯ ಜಾಗಕ್ಕೆ ಸೇರಿಸಿ.

ಆಂಪ್ಲಿಫೈಯರಿಗೂ ಮೂರು ಪಿನ್ ಇದ್ದರೆ ಎರಡು ಅರ್ಥ್ ಸೇರಿ ಹಮ್ ಬರಬಹುದು. ಅದಕ್ಕೆಂದು ಅರ್ಥ್ ಪಿನ್ ಮುರಿಯುವುದು ಅಪಾಯಕಾರಿ ಚಾಳಿ. ಬದಲಿಗೆ ಸಿಗ್ನಲ್ ಗ್ರೌಂಡು ಮತ್ತು ಡಬ್ಬಿಯ ಮೈ ನಡುವಿನ ನೇರ ತಂತಿ ತೆಗೆದು 10 ಓಮ್ ರೆಸಿಸ್ಟರ್, ಅದಕ್ಕೆ ಪ್ಯಾರಲಲ್ಲಾಗಿ ಒಂದು ‘ಪಾಯಿಂಟ್ ಒನ್’ ಹಾಕಿ.

ತೊಂದರೆ ಬಂದಾಗ

ಹಮ್ ಬಂದರೆ ಮೊದಲು ಎರಡು ಆರ್‌ಸಿಎ ಪ್ಲಗ್ಗಿನೊಳಗೆ ನಡುಪಿನ್ನನ್ನೂ ಬಳೆಯನ್ನೂ ಸೇರಿಸಿ ಬೆಸುಗೆ ಹಾಕಿ ‘ಷಾರ್ಟಿಂಗ್ ಪ್ಲಗ್’ ಮಾಡಿಕೊಳ್ಳಿ. ಅವನ್ನು ಇನ್‌ಪುಟ್ಟಿಗೆ ಚುಚ್ಚಿದಾಗ ಹಮ್ ನಿಂತರೆ ಪ್ರಿಆಂಪಿನ ತಪ್ಪಲ್ಲ. ಟರ್ನ್‌ಟೇಬಲ್, ಕೇಬಲ್, ಅರ್ಥ್ ತಂತಿ ನೋಡಿ. ಟೋನ್‌ಆರ್ಮ್ ಮುಟ್ಟಿದಾಗ ಹಮ್ ಬದಲಾದರೆ ಅರ್ಥ್ ತಂತಿ ಬಿಟ್ಟಿದೆ. ಷಾರ್ಟ್ ಮಾಡಿದರೂ ಇದ್ದರೆ ಒಳಗಿನದು: ಸಪ್ಲೈ ಡಬ್ಬಿಯನ್ನು ತಿರುಗಿಸಿ, ದೂರ ಸರಿಸಿ, ಸದ್ದು ಏರಿಳಿದರೆ ಕಾಂತಕ್ಷೇತ್ರದ ಕಾಟ. ಏರಿಳಿಯದ, ಸ್ವಲ್ಪ ಕರ್ಕಶವಾದ 100 ಹರ್ಟ್ಸಿನದಾದರೆ 2200 ಮೈಕ್ರೋಫ್ಯಾರಡಿನ ಬೆಸುಗೆಯನ್ನೋ ಗ್ರೌಂಡ್ ಕೂಡಿದ ಜಾಗವನ್ನೋ ನೋಡಿ.

ಒಂದು ಚಾನೆಲ್ ಬಹಳ ಸಣ್ಣಗೆ ಕೇಳಿದರೆ ಗೇನಿನ 100 ಓಮ್ ಅಥವಾ 220 ಮೈಕ್ರೋಫ್ಯಾರಡ್ ಕಡಿದಿದೆ, ಐಸಿ ಬರೇ ಒಂದು ಪಟ್ಟು ಕೊಡುತ್ತಿದೆ. ಒಂದು ಚಾನೆಲ್ ಚುರುಚುರು ಎಂದು ಹಿಸ್ಸೆನ್ನುತ್ತಿದ್ದರೆ 10 ನ್ಯಾನೋದ ಬೆಸುಗೆ ಹಿಡಿದಿಲ್ಲ. ಒಂದು ಚಾನೆಲ್ ಒಡೆದು ಅರಚಿದರೆ 33 ನ್ಯಾನೋದ್ದು. ಒಂದು ಕಡೆ ಸದ್ದೇ ಇಲ್ಲದಿದ್ದರೆ ಬೋರ್ಡು ಬಿಚ್ಚುವ ಮೊದಲು ಇನ್‌ಪುಟ್ಟಿನ ಎಡ–ಬಲ ಬದಲಿಸಿ ನೋಡಿ. ಮೌನವೂ ಜಾಗ ಬದಲಿಸಿದರೆ ತಪ್ಪು ಟರ್ನ್‌ಟೇಬಲ್ಲಿನ ಕಡೆ. ಕಾರ್ಟ್ರಿಡ್ಜಿನ ಹಿಂದಿನ ನಾಲ್ಕು ಕೂದಲೆಳೆ ತಂತಿಗಳಲ್ಲಿ ಬಿಳಿ–ನೀಲಿ ಎಡ, ಕೆಂಪು–ಹಸಿರು ಬಲ.

ಎಲ್ಲ ಸರಿಯಿದ್ದೂ ‘ಸ’ಕಾರ ಬರುವಲ್ಲೆಲ್ಲ ಕಿವಿಗೆ ಚುಚ್ಚಿದರೆ ಇನ್‌ಪುಟ್ಟಿನ ಕೆಪಾಸಿಟೆನ್ಸ್ ಹೆಚ್ಚಾಗಿರಬಹುದು. ಹಲವು ಕಿಟ್‌ಗಳು 47 ಕೆ ಪಕ್ಕದಲ್ಲಿ 220 ಪಿಕೋಫ್ಯಾರಡ್ ಕೊಟ್ಟಿರುತ್ತವೆ. ಕೇಬಲ್ಲಿನದೇ 100ರಿಂದ 150 ಇರುತ್ತದೆ. ವಿಎಂ95ಇ ಕೇಳುವುದು ಒಟ್ಟು 100ರಿಂದ 200. ಅದರ 550 ಮಿಲಿಹೆನ್ರಿ ಕಾಯಿಲಿಗೆ 300 ಪಿಕೋ ಸೇರಿದರೆ ಅನುರಣನೆ 12 ಕಿಲೋಹರ್ಟ್ಸಿಗೆ ಇಳಿದು ಅಲ್ಲಿ ಉಬ್ಬುತ್ತದೆ. 150 ಪಿಕೋ ಆದರೆ 17 ಕಿಲೋಹರ್ಟ್ಸಿನ ಮೇಲೆ ಹೋಗಿ ಕಿವಿಗೆ ತಾಗುವುದಿಲ್ಲ. ಆ 220ನ್ನು ಕಿತ್ತು 47 ಪಿಕೋ ಹಾಕಿ, ಇಲ್ಲವೇ ಖಾಲಿ ಬಿಡಿ.

ಅಜ್ಜನ ಕಾಲದ ರಂಗಗೀತೆಗಳ 78 ಆರ್‌ಪಿಎಂ ಅರಗಿನ ತಟ್ಟೆಗಳು ಮನೆಯಲ್ಲಿದ್ದರೆ ಅವುಗಳ ಮಾತು ಬೇರೆ. 1954ಕ್ಕೂ ಹಿಂದಿನವುಗಳಲ್ಲಿ ಕಂಪನಿಗೊಂದು ಕರ್ವು. ಇದರಲ್ಲಿ ಹಾಕಿದರೆ ಟ್ರೆಬಲ್ ಸಾಮಾನ್ಯವಾಗಿ ಮಂಕಾಗಿಯೇ ಬರುತ್ತದೆ, ಆಂಪ್ಲಿಫೈಯರಿನ ಟ್ರೆಬಲ್ ಸ್ವಲ್ಪ ಏರಿಸಿಕೊಳ್ಳಿ. ಮುಳ್ಳಂತೂ ಬದಲಾಗಲೇಬೇಕು: ಎಲ್‌ಪಿಯ ಮುಳ್ಳಿನ ತುದಿ ಸುಮಾರು 0.7 ಮಿಲ್ (ಒಂದು ಮಿಲ್ ಎಂದರೆ ಅಂಗುಲದ ಸಾವಿರದ ಒಂದು ಪಾಲು), 78ರ ಗೀರಿಗೆ 3 ಮಿಲ್ ಬೇಕು. ಎಲ್‌ಪಿ ಮುಳ್ಳು ಆ ಅಗಲ ಗೀರಿನ ತಳದಲ್ಲಿ ಕೂತ ದೂಳನ್ನಷ್ಟೇ ಕೆರೆಯುತ್ತದೆ.